ಅಂಗೈಗೆ ಬಾರದ ಹೀರೆಬೀಜ

ಹೋದ ವರ್ಷದ ಮಳೆಗಾಲದಲ್ಲಿ ನಮ್ಮ ಹೊಲದ ಹೀರೆಬಳ್ಳಿಗಳು ಕಹಿ ಕಾಯಿ ಬಿಟ್ಟವು. ಒಂದೆರಡು ಬಳ್ಳಿಯಲ್ಲ, ಹೆಚ್ಚುಕಡಿಮೆ ಎಲ್ಲವೂ. ಅವ್ವ ಪ್ರತಿ ಬಳ್ಳಿಯ ಒಂದು ಎಳೆಗಾಯಿಯ ತುದಿ ಮುರಿದು, ನಾಲಿಗೆಗೆ ಹಚ್ಚಿ, ಉಗುಳಿ, ಮುಂದಿನ ಬಳ್ಳಿಗೆ ಹೋಗುತ್ತಿದ್ದಳು. ಸಾಲಿನ ಕೊನೆ ಮುಟ್ಟಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಬಂದ ದಾರಿಯಲ್ಲೇ ತಿರುಗಿ ಬರುತ್ತಾ ಒಂದೊಂದನ್ನೇ ಬುಡಸಮೇತ ಕಿತ್ತಳು. ಚಪ್ಪರಕ್ಕೆ ಸುತ್ತಿಕೊಂಡ ತಂತುಗಳು ಸುಲಭವಾಗಿ ಬಿಡುವಂಥವಲ್ಲ. ಅವು ಹರಿಯುವ ಸದ್ದು ಬದುವಿನ ಮೇಲೆ ನಿಂತ ನನಗೂ ಕೇಳಿಸುತ್ತಿತ್ತು.

ಇದು ಹೇಗಾಯಿತೆಂದು ನಾನು ಹುಡುಕಿ ಓದಿದೆ. ನಮ್ಮ ಕಡೆಯ ಬೇಲಿಗಳಲ್ಲಿ ತಾನಾಗಿ ಹಬ್ಬುವ ಕಾಡು ಕಹಿಹೀರೆ ಇದೆ. ಅದರ ಪರಾಗ ಹಿಂದಿನ ವರ್ಷ ನಮ್ಮ ಬಳ್ಳಿಗಳ ಹೂವಿಗೆ ಬಿದ್ದಿದೆ. ಆ ವರ್ಷದ ಕಾಯಿ ಸಿಹಿಯಾಗಿಯೇ ಇತ್ತು. ಒಳಗಿನ ಬೀಜದ ಗುಣ ಮಾತ್ರ ಬದಲಾಗಿತ್ತು. ಅವ್ವ ಬೀಜಕ್ಕೆಂದು ಕಾಯಿ ಬಿಡುವ ಮುಂಚೆ ಪ್ರತಿ ಬಳ್ಳಿಯ ರುಚಿ ನೋಡಿಯೇ ಬಿಡುವವಳು. ಆದರೆ ಈ ಕೇಡು ನಾಲಿಗೆಗೆ ಸಿಗುವಂಥದ್ದಲ್ಲ. ಇದನ್ನೆಲ್ಲ ಅವ್ವನಿಗೆ ಸಾಕ್ಷ್ಯಸಮೇತ ವಿವರಿಸಿದೆ. ತಪ್ಪು ಅವಳದಲ್ಲ ಎಂದು ಸಾಬೀತು ಮಾಡುವುದು ನನ್ನ ಉದ್ದೇಶ.

"ಬೇಲಿ ನಮ್ಮದಲ್ಲ. ಹೂವಿನ ಮ್ಯಾಲ ಕುಂತ ಹುಳ ನಮ್ಮದಲ್ಲ," ಅಂದಳು ಅವ್ವ. "ಯಾರ ಮ್ಯಾಲ ಕೇಸ್ ಹಾಕ್ತೀ ಹಾಕು ಹೋಗು."

ನಾನು ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಹಾವೇರಿ, ಹುಬ್ಬಳ್ಳಿ, ಧಾರವಾಡ ಎಲ್ಲ ಸುತ್ತಿ ಢಾಲು ತಂದಿದ್ದೇನೆ. ಪರವಾಗಿ ಮಾತಾಡು ಅಂದರೆ ಪರ, ವಿರೋಧ ಅಂದರೆ ವಿರೋಧ. ಆಗ ಜೊತೆಗಿದ್ದ ಗೆಳತಿಯರು ಮದುವೆ, ನೌಕರಿ ಎಂದು ಚದುರಿ ಹೋದರು. ನಾನು ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಸ್ಟಾಫ್ ರೂಮಿನಲ್ಲಿ ನಾನು ಬಾಯಿ ತೆರೆದರೆ ಒಬ್ಬರಿಗೆ ಕ್ಲಾಸು ನೆನಪಾಗುತ್ತದೆ, ಇನ್ನೊಬ್ಬರಿಗೆ ಫೋನು ಬರುತ್ತದೆ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಅವ್ವ ವಾದ ಮಾಡುವುದಿಲ್ಲ. ಒಂದು ಮಾತು ಆಡಿ ಕೆಲಸಕ್ಕೆ ಎದ್ದುಬಿಡುತ್ತಾಳೆ. ಮಾತಿಗೆ ಮಾತು ಕೊಡುವವರಿಲ್ಲದೆ ದಿನ ಕಳೆಯುವುದು ಎಂಥದ್ದೆಂದು ಮಾತು ಕಲಿತವರಿಗಷ್ಟೇ ಗೊತ್ತು. ಎಷ್ಟೋ ಸಲ ಕಾಲೇಜಿನಿಂದ ಬಸ್ ಸ್ಟ್ಯಾಂಡಿಗೆ ನಡೆಯುವಾಗ ನಾನೇ ಎರಡೂ ಕಡೆಯಿಂದ ವಾದಿಸುತ್ತಾ ಹೋಗಿರುತ್ತೇನೆ.

ಆ ಹೀರೆಯ ಬಗ್ಗೆ ಹೇಳಬೇಕು. ಗಿಡ್ಡ, ದಪ್ಪ, ಏಣುಗಳು ಕಪ್ಪಗೆ ಎನ್ನುವಷ್ಟು ಹಸಿರು. ಬೇಯಿಸಿದರೆ ನೀರಾಗುವುದಿಲ್ಲ. ಸಿಪ್ಪೆಯ ಚಟ್ನಿಗೆಂದೇ ಕೊಳ್ಳುವವರಿದ್ದರು. ಹಾನಗಲ್ ಸಂತೆಯಲ್ಲಿ ಅವ್ವ ಕೂರುವ ಮೂಲೆಗೆ ಜನ ಹುಡುಕಿಕೊಂಡು ಬರುತ್ತಿದ್ದದ್ದು ಅದಕ್ಕಾಗಿ. ಮೆಣಸಿನಕಾಯಿ, ಚವಳಿಕಾಯಿ, ಪುಂಡಿಪಲ್ಯ ಎಲ್ಲರ ಹತ್ತಿರವೂ ಇರುತ್ತವೆ. ಗಿಡ್ಡ ಹೀರೆ ಅವ್ವನ ಹತ್ತಿರ ಮಾತ್ರ. "ಹೀರಿಕಾಯಿ ಅವ್ವ" ಅನ್ನುವುದು ಸಂತೆಯಲ್ಲಿ ಅವಳ ಹೆಸರೇ ಆಗಿಹೋಗಿತ್ತು. ಅವ್ವನನ್ನು ಹೆಸರಿಟ್ಟು, ಗೌರವದಿಂದ ಜನ ಕರೆಯುವ ಜಾಗ ಇನ್ನೊಂದಿರಲಿಲ್ಲ.

ಆ ಬೀಜ ಬಂದದ್ದು ಅವ್ವನ ತವರಿನ ಕಡೆಯಿಂದ, ಶಿಗ್ಗಾಂವಿ ತಾಲೂಕಿನ ದುಂಡಸಿಯ ಆಚೆಗಿನ ಒಂದು ಊರಿನಿಂದ. ಹುಡುಗಿಯಾಗಿದ್ದಾಗ ಅವ್ವ ಅಲ್ಲಿ ಒಂದು ದೊಡ್ಡ ಒಕ್ಕಲು ಮನೆಯ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ಮದುವೆಯಾಗಿ ಬರುವಾಗ ಆ ಮನೆಯ ಅಮ್ಮ ಒಂದಿಷ್ಟು ಬೀಜ ಕೊಟ್ಟಿದ್ದಳಂತೆ. ಆಮೇಲೂ ಬೀಜ ಕಡಿಮೆ ಬಿದ್ದಾಗ, ಹುಳ ಹಿಡಿದಾಗ ಅವ್ವ ಅಲ್ಲಿಗೇ ಹೋಗಿ ತರುತ್ತಿದ್ದಳು. ಈ ಬೀಜ ಯಾವ ಅಂಗಡಿಯಲ್ಲೂ ಇಲ್ಲ. ಅಂಗಡಿಯ ಪಾಕೀಟಿನ ಹೈಬ್ರಿಡ್ ಹೀರೆ ಉದ್ದಗೆ, ನೆಟ್ಟಗೆ ಬರುತ್ತದೆ. ಆದರೆ ಅದರ ಬೀಜ ಹಿಡಿದಿಟ್ಟು ಮರುವರ್ಷ ಹಾಕಿದರೆ ಒಂದೊಂದು ಬಳ್ಳಿ ಒಂದೊಂದು ತರಹ. ಪ್ರತಿ ವರ್ಷ ಮತ್ತೆ ಅಂಗಡಿಗೇ ಹೋಗಬೇಕು. ಇದ್ದ ಬೀಜವನ್ನೆಲ್ಲ ಅವ್ವ ಆ ಮಳೆಗಾಲದಲ್ಲಿ ಹಾಕಿಬಿಟ್ಟಿದ್ದಳು. ಈ ವರ್ಷ ಮಳೆ ಹಿಡಿಯುವುದರೊಳಗೆ ತವರಿನ ಬೀಜ ಬಾರದಿದ್ದರೆ ಸಂತೆಯ ಮೂಲೆಯಲ್ಲಿ ಗಿಡ್ಡ ಹೀರೆ ಇಲ್ಲ. ವಿಷಯ ಇಷ್ಟೇ.

ಮೇ ತಿಂಗಳು. ನನಗೆ ಕಾಲೇಜು ಇರಲಿಲ್ಲ. ಅವ್ವ ಮೆಣಸಿನ ಸಸಿಗಳಿಗೆ ದಿನಕ್ಕೆರಡು ಸಲ ನೀರು ಹಾಕಬೇಕಿತ್ತು.

"ನೀ ಹೋಗಿ ಬಾ. ಶಿಗ್ಗಾಂವಿಗೆ ಹೋಗಿ ದುಂಡಸಿ ಬಸ್ ಹತ್ತು. ಹೋಗಿ ಮಾತ ಕಡಿಮಿ ಆಡು."

"ಬೀಜ ಕೇಳಾಕ ಮಾತಾಡೂದ ಬ್ಯಾಡೇನು ಬೇ?"

"ಬೀಜ ಕೇಳಾಕ ಎಷ್ಟ ಬೇಕೋ ಅಷ್ಟ ಆಡು."

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಿನ ಎರಡೂ ಕಡೆ ಉದ್ದ ಕಟ್ಟೆ, ಮುಂದೆ ಮೂರು ಕಲ್ಲಿನ ಮೆಟ್ಟಿಲು, ಅದರ ಮುಂದೆ ಸಾರಿಸಿದ ಅಂಗಳ. ಬೀಜ ಕೊಟ್ಟಿದ್ದ ಆ ಅಮ್ಮ ಈಗ ಮುದುಕಿ. ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಅವರೆಕಾಳು ಆರಿಸುತ್ತಿದ್ದಳು. ಯಾರ ಮಗಳೆಂದು ಹೇಳಿದೆ.

"ಆಕಿ ಮಗಳಾ? ಮೂಗು ನೋಡಿದ ಕೂಡ್ಲೆ ಅನ್ಕೊಂಡೆ. ಕುಂದ್ರು ಬಾ. ಇಲ್ಲೆ ಕುಂದ್ರು, ಬಿಸಲಾಗ್ಯಾಕ ನಿಂತಿ?"

ಅದೇ ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತೆ. ಬಳ್ಳಿ ಕಹಿಯಾದ ಕಥೆ ಹೇಳಿದೆ. ಮುದುಕಿ ತೊಡೆ ತಟ್ಟಿಕೊಂಡು ನಕ್ಕಳು. "ನಿಮ್ಮವ್ವಗ ಆವಾಗ ಹೇಳಿದ್ದೆ ನಾನು, ಬೇಲಿ ಬಾಜೂಕ ಹಾಕಬ್ಯಾಡ ಅಂತ. ಕೇಳ್ಬೇಕಲ್ಲ!"

"ನಮ್ಮ ಹೊಲಾನ ಅಷ್ಟೈತ್ರಿ. ಎಲ್ಲಿ ಹಾಕಿದ್ರೂ ಬೇಲಿ ಬಾಜೂಕ ಆಗತೈತಿ."

ಅದಕ್ಕೂ ನಕ್ಕಳು. ಅವಳ ಸೊಸೆ ಒಳಗಿನಿಂದ ಚಹಾ ತಂದು ನನ್ನ ಕೈಗೇ ಕೊಟ್ಟಳು. ಪೇಪರ್ ಕಪ್ಪಿನಲ್ಲಿ. ಇದನ್ನು ಬರೆಯಲೇಬೇಕು. ಕಾರಣ ಹೇಳುತ್ತೇನೆ. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ. ಅಜ್ಜನ ಕಾಲಕ್ಕೇ ನಾವು ಬೌದ್ಧರಾದೆವು. ಆದರೆ ಊರಿನ ಕಣ್ಣಿಗೆ ನಾವು ಇನ್ನೂ ಕೇರಿಯವರೇ. ಹೀಗಾಗಿ ಹೊಸ ಮನೆಯೊಂದರಲ್ಲಿ ಲೋಟ ಯಾವುದು, ಯಾರು ಕೊಟ್ಟರು, ಎಲ್ಲಿ ಕೂರಿಸಿದರು ಎಂಬುದನ್ನು ನನ್ನ ಕಣ್ಣು ನನ್ನನ್ನು ಕೇಳದೆಯೇ ಗುರುತು ಹಾಕಿಕೊಳ್ಳುತ್ತದೆ. ಕೈಗೆ ಕೊಟ್ಟಳು: ಒಳ್ಳೆಯದು. ಪೇಪರ್ ಕಪ್ಪು: ಕೊರೋನಾ ಬಂದು ಹೋದಾಗಿನಿಂದ ಎಲ್ಲ ಮನೆಯಲ್ಲೂ ಇವೆ, ತಿಕ್ಕುವ ಕೆಲಸವಿಲ್ಲ. ಚಹಾ ಚೆನ್ನಾಗಿತ್ತು, ಕುಡಿದೆ.

ಮುದುಕಿ ಎದ್ದು ಒಳಗೆ ಹೋಗಿ ಒಣಗಿದ ಹೀರೇಕಾಯಿ ಒಂದನ್ನು ತಂದಳು. ಕಿವಿಯ ಹತ್ತಿರ ಅಲುಗಾಡಿಸಿ ಕೇಳಿದಳು, ನನಗೂ ಕೇಳಿಸಿದಳು. ತುದಿಯ ಮುಚ್ಚಳ ಮುರಿದು ಮೊರಕ್ಕೆ ಸುರಿದಾಗ ಕಪ್ಪು ಬೀಜ ಜರ್ರೆಂದು ಉದುರಿದವು. ಜೊಳ್ಳನ್ನು ಊದಿ ಹಾರಿಸಿ, ಒಳ್ಳೆಯವನ್ನು ಹಳೆ ಸೀರೆಯ ತುಂಡಿನಲ್ಲಿ ಕಟ್ಟಿದಳು. ನಾನು ಕೈ ಚಾಚಿದೆ. ಅವಳು ಬಾಗಿ, ಗಂಟನ್ನು ಕೆಳಗಿನ ಮೆಟ್ಟಿಲ ಮೇಲೆ ಇಟ್ಟಳು.

"ತೊಗೊಳವಾ."

ನನ್ನ ಕೈ ಚಾಚಿದ್ದು ಚಾಚಿದಂತೆಯೇ ಇತ್ತು. "ಕೈಯಾಗ ಕೊಡ್ರಿ ಅಮ್ಮಾರ."

"ಬೀಜ ಕೈಯಾಗ ಕೊಡಂಗಿಲ್ಲ."

"ಯಾಕ್ರಿ?"

"ಕೊಡಬಾರದು. ಕೊಟ್ಟಾಕಿ ಬಳ್ಳಿ ಕೆಡತಾವು. ಇಬ್ಬರ ನಡಕ ಜಗಳ ಹತ್ತತೈತಿ."

"ಕೈಯಾಗ ಕೊಡದನ ಹತ್ತಾಕತ್ತೈತಲ್ರಿ ಈಗ."

ಬಾಗಿಲಲ್ಲಿ ನಿಂತಿದ್ದ ಸೊಸೆ ಕಿಸಕ್ಕನೆ ನಕ್ಕಳು. ಮುದುಕಿಯೂ ನಕ್ಕಳು. ಆ ನಗುವಿನಲ್ಲಿ ನಾನೂ ಸೇರಿಕೊಂಡು ಬಾಗಿ ಎತ್ತಿಕೊಂಡು ಬಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

"ಯಾರಿಗೂ ಕೊಡಂಗಿಲ್ಲೇನ್ರಿ?"

"ಯಾರಿಗೂ."

"ನಿಮ್ಮ ಸೊಸಿಗೆ?"

ಸೊಸೆಯೇ ಉತ್ತರ ಕೊಟ್ಟಳು. "ನನಗ ಉಪ್ಪಿನ ಡಬ್ಬಿ ಸುದ್ದಾ ಕಟ್ಟಿ ಮ್ಯಾಲ ಇಟ್ಟ ಕೊಡ್ತಾರ. ಆದ್ರೂ ಜಗಳ ಒಂದಿನ ತಪ್ಪಿಲ್ಲ ನೋಡ್ರಿ."

"ನಿಮಗ ಕಟ್ಟಿ ಮ್ಯಾಲ," ಎಂದೆ ನಾನು. "ನನಗ ಕೆಳಗಿನ ಮೆಟ್ಟಲ ಮ್ಯಾಲ."

ನಗು ನಿಂತಿತು. ಮುದುಕಿ ಮೊರವನ್ನು ಗೋಡೆಗೆ ಒರಗಿಸಿದಳು. "ಏನ್ ಮಾತಾಡಾಕತ್ತಿ ನೀ?"

"ನಿಮಗ ಗೊತ್ತೈತ್ರಿ."

"ನಿಮ್ಮವ್ವ ಇಷ್ಟು ವರ್ಷ ಎತಗೊಂಡು ಹೋಗ್ಯಾಳ. ಒಂದಿನ ಹಿಂಗ ಅಂದಾಕಿ ಅಲ್ಲ."

"ಅದಕ್ಕ ನಾ ಅನ್ನಾಕತ್ತೇನ್ರಿ. ಕೈಯಾಗ ಬ್ಯಾಡ ಬಿಡ್ರಿ. ಕಟ್ಟಿ ಮ್ಯಾಲ ಇಡ್ರಿ, ತೊಗೋತೇನಿ."

"ಒಮ್ಮೆ ಇಟ್ಟ ಬೀಜ ಇಟ್ಟಾಕಿ ಎತ್ತಂಗಿಲ್ಲ."

ಎಲ್ಲದಕ್ಕೂ ಅವಳ ಹತ್ತಿರ ಒಂದು ಪದ್ಧತಿ ಇತ್ತು. ಸ್ಪರ್ಧೆಯಲ್ಲಾದರೆ ಇದನ್ನು ನಾನು ಎತ್ತಿ ತೋರಿಸುತ್ತಿದ್ದೆ: ಎದುರಾಳಿಗಳ ನಿಯಮಗಳು ಪ್ರಶ್ನೆ ಬಂದಂತೆಲ್ಲ ಹುಟ್ಟುತ್ತಿವೆ, ಗಮನಿಸಿ. ಇಲ್ಲಿ ತೀರ್ಪುಗಾರರಿರಲಿಲ್ಲ. ಸೊಸೆ ಒಳಗೆ ಹೋಗಿದ್ದಳು. ನಾನು ಕಟ್ಟೆಯಿಂದ ಇಳಿದೆ, ಮೆಟ್ಟಿಲ ಮೇಲಿನ ಗಂಟನ್ನು ದಾಟಿ ಅಂಗಳಕ್ಕೆ ಬಂದೆ.

"ತೊಗೊಂಡು ಹೋಗವಾ, ಹಟ ಮಾಡಬ್ಯಾಡ," ಎಂದು ಮುದುಕಿ ಕೂಗಿದಳು. "ಮಳಿ ಬಂದ ಬಿಡ್ತಾವು. ನಿಮ್ಮವ್ವ ಏನ್ ಹಾಕ್ತಾಳ?"

ಆ ದನಿಯಲ್ಲಿ ನಿಜವಾದ ಕಾಳಜಿ ಇತ್ತು. ಅದನ್ನೂ ನಾನು ಗುರುತು ಹಾಕಿಕೊಂಡೆ. ತಿರುಗಿ ನೋಡಲಿಲ್ಲ.

ಬಸ್ಸು ಬರುವ ತನಕ ಊರ ಹೊರಗಿನ ತಂಗುದಾಣದಲ್ಲಿ ಒಬ್ಬಳೇ ಕೂತಿದ್ದೆ. ಅವಳ ಪರ: ಒಂದೇ ಕಟ್ಟೆಯ ಮೇಲೆ ಕೂರಿಸಿದಳು, ಚಹಾ ಕೈಗೇ ಬಂತು, ಸೊಸೆಗೂ ಇದೇ ಕಟ್ಟಳೆ. ಅವಳ ವಿರುದ್ಧ: ಪೇಪರ್ ಕಪ್ಪು, ಕೆಳಗಿನ ಮೆಟ್ಟಿಲು, "ನಿಮ್ಮವ್ವ ಹಿಂಗ ಅಂದಾಕಿ ಅಲ್ಲ". ಯಾವ ಕಡೆ ನಿಂತರೂ ನಾನು ಗೆಲ್ಲಬಲ್ಲೆ. ಯಾವ ಕಡೆ ನಿಜ ಎಂದು ಹೇಳಲಾರೆ. ಬಹುಶಃ ಅವಳೂ ಹೇಳಲಾರಳು. ಬೀಜ ಕೆಳಗಿಡುವ ಕೈ ಯಾವುದಕ್ಕಾಗಿ ಎಷ್ಟು ಬಾಗಿತು ಎಂದು ಕೈಗೇ ಗೊತ್ತಿರಬೇಕೆಂದೇನಿದೆ? ಆದರೆ ನನಗೆ ಗೊತ್ತಾಗಬೇಕಿತ್ತು. ಗೊತ್ತಾಗದ ಹೊರತು ಬಾಗಲಾರೆ ಎಂದು ನನ್ನ ಸೊಂಟವೇ ತೀರ್ಮಾನ ಮಾಡಿಬಿಟ್ಟಿತ್ತು.

ಮನೆಗೆ ಬಂದಾಗ ಅವ್ವ ಸಸಿಗಳಿಗೆ ನೀರು ಹಾಕುತ್ತಿದ್ದಳು. ನಡೆದದ್ದನ್ನು ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ; ಬೈದರೆ ಉತ್ತರ ಕೊಡಲು ಬಸ್ಸಿನಲ್ಲೇ ತಯಾರಾಗಿದ್ದೆ. ಅವ್ವ ಕೊಡದಲ್ಲಿ ಉಳಿದ ನೀರನ್ನು ಕೊನೆಯ ಸಾಲಿಗೆ ಬಗ್ಗಿಸಿದಳು.

"ಮೆಟ್ಟಲ ಮ್ಯಾಲ ಇಟ್ಟಳಾ?"

"ಹೂಂ. ಕೆಳಗಿನ ಮೆಟ್ಟಲ."

"ನನಗ ಅಂಗಳದಾಗ ಇಡತಿದ್ಲು," ಅಂದಳು ಅವ್ವ. "ನಿನಗ ಒಂದು ಮೆಟ್ಟಲ ಏರ್ಸ್ಯಾಳ ನೋಡು. ಕಾಲೇಜ್ ಕಲತದ್ದಕ್ಕ."

ನಗುತ್ತಿದ್ದಳೋ ಇಲ್ಲವೋ, ತಿಳಿಯಲಿಲ್ಲ. ಕೊಡ ಎತ್ತಿಕೊಂಡು ಬೋರಿನ ಕಡೆ ಹೋದಳು. ಅಂಗಳದಲ್ಲಿ ಎನ್ನುವ ಮಾತನ್ನು ಅವಳು ಹಿಂದೆ ಎಂದೂ ನನಗೆ ಹೇಳಿರಲಿಲ್ಲ. ಅವಳು ಆ ಊರಿನಿಂದ ಬೀಜ ತಂದ ವರ್ಷಗಳೆಲ್ಲ ನನಗೆ ನೆನಪಿವೆ. ಗಂಟು ಬಿಚ್ಚುವಾಗ ನಾನು ಹತ್ತಿರ ಕೂತು ಬೀಜ ಮುಟ್ಟಿ ನೋಡುತ್ತಿದ್ದೆ.

ಮುಂದಿನ ದಿನಗಳಲ್ಲಿ ಆ ಬೀಜವನ್ನು ಬೇರೆ ಕಡೆ ಹುಡುಕಲು ಹೊರಟೆ. ಒಂದೇ ಮನೆಯಲ್ಲಿ ಇರುವ ಬೀಜ ಇರಲಾರದು, ಯಾರೋ ಯಾರಿಗೋ ಕೊಟ್ಟಿರಲೇಬೇಕು ಎಂಬುದು ನನ್ನ ತರ್ಕ. ತರ್ಕ ಸರಿಯಾಗಿಯೇ ಇತ್ತು. ಸವಣೂರಿನ ಸಂತೆಯಲ್ಲಿ ಗೋಣಿಚೀಲ ಹಾಸಿ ಮನೆಬೀಜ ಮಾರುವ ಒಬ್ಬ ಮುಸಲ್ಮಾನ ಹೆಂಗಸು ಸಿಕ್ಕಳು. ಅವಳ ಹತ್ತಿರ ಹೀರೆ ಇತ್ತು, ಆದರೆ ಉದ್ದನೆಯದು. ಗಿಡ್ಡದ್ದನ್ನು ಹಿಂದೆ ಹಾಕುತ್ತಿದ್ದರು, ಈಗ ಯಾರೂ ಹಾಕುವುದಿಲ್ಲ ಅಂದಳು. ಬರಿಗೈಯಲ್ಲಿ ಹೋಗಬಾರದೆಂದು ನಾನು ಒಂದಿಷ್ಟು ಚವಳಿ ಬೀಜ ಕೇಳಿದೆ. ಅವಳು ಚೀಲದ ಮೇಲೆ ಗುಪ್ಪೆ ಹಾಕಿ ಕೈ ತೋರಿಸಿದಳು.

"ಕೈಯಾಗ ಕೊಡ್ರಿ," ಎಂದೆ.

"ಬೀಜ ಕೈಯಾಗ ಕೊಡಬಾರದು ಬೇಟಿ. ಜಗಳ ಆಗತೈತಿ. ರೊಕ್ಕ ಬೇಕಾದ್ರ ಕೈಯಾಗ ಕೊಡು, ನಾ ಬ್ಯಾಡ ಅನ್ನಂಗಿಲ್ಲ."

ಸುತ್ತ ಕೂತವರೆಲ್ಲ ನಕ್ಕರು. ಆ ಹೆಂಗಸಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ. ಎಂದರೆ ಪದ್ಧತಿ ನಿಜ. ಮುದುಕಿ ನಿಂತ ಕಾಲಿನ ಮೇಲೆ ಹುಟ್ಟಿಸಿದ್ದಲ್ಲ. ನಾನು ಬಾಗಿ ಚವಳಿ ಬೀಜ ಬಳಿದುಕೊಂಡೆ. ಇಲ್ಲಿ ಬಾಗುವುದು ಏನೂ ಅನ್ನಿಸಲಿಲ್ಲ. ಏನೂ ಅನ್ನಿಸದೇ ಇದ್ದದ್ದೇ ದಾರಿಯುದ್ದಕ್ಕೂ ಕಾಡಿತು.

ಹಿರೇಕೆರೂರಿನಲ್ಲಿ ಒಂದು ಶಾಲೆಯ ಆವರಣದಲ್ಲಿ ಹೆಂಗಸರ ಸಂಘದವರು ನಾಟಿ ತರಕಾರಿಯ ಬೀಜಗಳನ್ನು ಇಟ್ಟಿದ್ದಾರೆಂದು ಕೇಳಿ ಅಲ್ಲಿಗೂ ಹೋದೆ. ಅಲ್ಲಿ ಒಬ್ಬಾಕೆ ನನ್ನ ಎರಡೂ ಅಂಗೈ ಜೋಡಿಸಿ ಹಿಡಿಸಿ, ಪುಂಡಿ, ಹಕ್ಕರಕಿ, ಮುಳಗಾಯಿ ಎಂದು ಒಂದರ ಮೇಲೊಂದು ಸುರಿದಳು. "ತೊಗೊಳವಾ, ಹಾಕವಾ, ಮುಂದಿನ ಸಲ ತಿರುಗಿ ಕೊಡು." ನಾನು ಬಯಸಿದ ಹಾಗೆಯೇ ಅಂಗೈಗೆ ಬಂತು ಬೀಜ. ನಮಗೆ ಬೇಕಿಲ್ಲದ ಬೀಜ. ಗಿಡ್ಡ ಹೀರೆಯ ಬಗ್ಗೆ ಕೇಳಿದ್ದಕ್ಕೆ, "ಅದು ದುಂಡಸಿ ಕಡೇದು. ಆ ಕಡೆ ಹೋಗಿ ಕೇಳಬೇಕ್ರಿ ನೀವು," ಅಂದಳು.

ಬಸ್ಸಿನಲ್ಲಿ ಎಲ್ಲ ಕಲಸಿಹೋದ ಆ ಬೀಜಗಳನ್ನು ಒಂದೊಂದಾಗಿ ಬೇರೆ ಮಾಡುತ್ತಾ ಕೂತೆ. ಪಕ್ಕದ ಸೀಟಿನಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಮೋಡ ಕಟ್ಟತೊಡಗಿತ್ತು. ನಾನು ಅವ್ವನ ಮುಂದೆ ಕೂತು ನನ್ನ ವಿರುದ್ಧ ನಾನೇ ವಾದಿಸಿದೆ. ಸವಣೂರಿನ ಸಾಕ್ಷ್ಯ ಹೇಳಿದೆ. ಪದ್ಧತಿ ಇರುವುದು ನಿಜ, ಮುದುಕಿಯ ಮನಸ್ಸಿನಲ್ಲಿ ಏನೂ ಇಲ್ಲದೆ ಇರಬಹುದು, ಕಟ್ಟೆಗೂ ಮೆಟ್ಟಿಲಿಗೂ ಇರುವ ಅಂತರವನ್ನು ನಾನೇ ದೊಡ್ಡದು ಮಾಡಿರಬಹುದು ಎಂದೆ.

"ಇರಬಹುದು," ಅಂದಳು ಅವ್ವ.

"ಹಂಗಾರ ನೀ ಹೋಗಿ ತೊಗೊಂಡ ಬಾ ಬೇ. ಇನ್ನೂ ವ್ಯಾಳ್ಯಾ ಐತಿ."

"ನಾ ಹೋಗಂಗಿಲ್ಲ."

"ಯಾಕ?"

ಅವ್ವ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನೀ ಬ್ಯಾಡ ಅಂದ ಬಂದಿ. ಈಗ ನಾ ಹೋಗಿ ಬಗ್ಗಿ ಎತಗೊಂಡ್ರ ಆಕಿ ಏನ್ ಅನ್ಕೋತಾಳ? ಮಗಳ ಬಾಯಿ ಬಡಕಿ, ತಾಯಿ ಶಾಣ್ಯಾಕಿ ಅನ್ಕೋತಾಳ. ನಿನ್ನ ಮಾತ ಎಲ್ಲಿ ಉಳೀತು?"

"ನನ್ನ ಮಾತ ತಪ್ಪಿದ್ರ?"

"ತಪ್ಪೋ ಖರೆವೋ, ನಾ ಒಂದಿನಾನೂ ಕೇಳಿಲ್ಲ. ನೀ ಕೇಳಿ ಬಂದಿ. ಕೇಳಿದ್ದ ಕೇಳಿದ್ದ."

"ನಾನ ಹೋಗ್ತೇನಿ ಹಂಗಾರ. ನಾನ ಎತಗೊಂಡ ಬರ್ತೇನಿ."

ಆಗ ಅವ್ವ ತಲೆ ಎತ್ತಿದಳು. "ಹೋದ್ರ ಕಾಲ ಮುರೀತೇನಿ," ಅಂದಳು.

ಜೀವನದಲ್ಲಿ ಮೊದಲ ಸಲ ಅವ್ವ ನನ್ನ ಪಕ್ಷಕ್ಕೆ ಬಂದಿದ್ದಳು. ನಾನಾಗಲೇ ಆ ಪಕ್ಷ ಬಿಟ್ಟು ಹೊರಬಿದ್ದಿದ್ದೆ. ಅವ್ವ ರೊಟ್ಟಿ ಬಡಿದಳು, ಇಬ್ಬರೂ ಉಂಡೆವು. ಅವಳು ತನ್ನ ಬೀಜವನ್ನು ಬಿಟ್ಟುಕೊಟ್ಟಿದ್ದಳು. ಅದನ್ನು ನನಗಾಗಿ ಎಂದು ಒಂದು ಸಲವೂ ಹೇಳಲಿಲ್ಲ. ಹೇಳಿದ್ದರೆ ಹಗುರಾಗುತ್ತಿತ್ತು. ಈಗಲೂ ನಾನು ಕೇಳಿದ್ದು ಸರಿಯೇ ಎಂದು ವಾದಿಸುತ್ತೇನೆ. ಕೆಳಗಿನ ಮೆಟ್ಟಿಲು ಯಾಕೆ ಎಂದು ಯಾರಾದರೂ ಒಬ್ಬರು ಕೇಳಲೇಬೇಕಿತ್ತು. ಆದರೆ ಅದರ ಬೆಲೆ ತೆರುವವರು ಯಾರೆಂದು ಆ ಕಟ್ಟೆಯ ಮೇಲೆ ಕೂತಾಗ ನನ್ನ ಲೆಕ್ಕದಲ್ಲಿರಲಿಲ್ಲ.

ಮಳೆ ಹಿಡಿಯಿತು. ಹಾನಗಲ್ಲಿನ ಅಂಗಡಿಯಿಂದ ಪಾಕೀಟು ತಂದೆ. ಮೇಲೆ ಮಿರಮಿರ ಮಿಂಚುವ ಉದ್ದ ಹೀರೆಯ ಚಿತ್ರ. ಬೀಜಗಳಿಗೆ ಔಷಧಿ ಸವರಿ ಬಣ್ಣ ಹಚ್ಚಿದ್ದರು. ಅವ್ವ ಅಂಗೈಯಲ್ಲಿ ಹಾಕಿಕೊಂಡು, "ಪೆಪ್ಪರಮಿಂಟ್ ಇದ್ದಂಗ ಅದಾವಲ್ಲ ಇವು," ಅಂದು ಊರಿದಳು. ಬಳ್ಳಿ ಚೆನ್ನಾಗಿಯೇ ಎದ್ದವು. ರೋಗ ಬರಲಿಲ್ಲ. ಕಾಯಿ ಒಂದೇ ಅಳತೆಯವು, ಒಂದೇ ಬಣ್ಣದವು, ಒಂದೂ ಕಹಿಯಾಗಲಿಲ್ಲ. ಬೀಜಕ್ಕೆ ಬಿಡುವ ಮಾತೇ ಇಲ್ಲವಾದ್ದರಿಂದ ರುಚಿ ನೋಡುವ ಕೆಲಸವೂ ಇರಲಿಲ್ಲ. ಸಾಲಿನಲ್ಲಿ ಅವ್ವ ಬೇಗ ಬೇಗ ನಡೆಯುತ್ತಿದ್ದಳು.

ಮೊದಲ ಕೊಯ್ಲಿನ ಸಂತೆಗೆ ನಾನೂ ಹೋದೆ. ಅವ್ವ ತನ್ನ ಮೂಲೆಯಲ್ಲಿ ಚೀಲ ಹಾಸಿ ಹೀರೇಕಾಯಿ ಒಟ್ಟಿದಳು. ಆ ಕಡೆ ಈ ಕಡೆ ಕೂತವರ ರಾಶಿಗಳಲ್ಲೂ ಅದೇ ಕಾಯಿ. ಅಂಗಡಿ ಒಂದೇ, ಪಾಕೀಟು ಒಂದೇ. ವಯರಿನ ಚೀಲ ಹಿಡಿದ ಹಿರಿಯರೊಬ್ಬರು ದೂರದಿಂದಲೇ ನಗುತ್ತಾ ಬಂದರು. ಬಹಳ ವರ್ಷದ ಗಿರಾಕಿ. ರಾಶಿಯ ಮುಂದೆ ಬಗ್ಗಿದವರು ಹಾಗೆಯೇ ನಿಂತರು.

"ಎಲ್ಲೈತಿ ನಿನ್ನ ಗಿಡ್ಡ ಹೀರಿ?"

"ಈ ವರ್ಷ ಇಲ್ರಿ ಸಾಹೇಬ್ರ."

"ಮತ್ತ ಕಹಿ ಆತೇನು? ಬೀಜ ಹೋದ್ವಾ?"

ನಾನು ಬಾಯಿ ತೆರೆದೆ. ಎಲ್ಲವನ್ನೂ ಕ್ರಮವಾಗಿ ಹೇಳಲು ಮಾತು ನಾಲಿಗೆಯ ತುದಿಯಲ್ಲಿತ್ತು. ಅವ್ವ ನನಗಿಂತ ಮೊದಲು ಮಾತಾಡಿದಳು.

"ಬೀಜ ಅದಾವ್ರಿ. ನಾವ ತರಲಿಲ್ಲ."

ಹಿರಿಯರು ನಮ್ಮಿಬ್ಬರನ್ನೂ ಒಮ್ಮೆ ನೋಡಿದರು. ಒಂದು ಕಾಯಿ ಎತ್ತಿ, ಉಗುರಿನಿಂದ ಒತ್ತಿ, ಇಟ್ಟು, ಮುಂದಿನ ಚೀಲದ ಕಡೆ ನಡೆದರು. ಅವ್ವ ತಂಬಿಗೆಯಲ್ಲಿ ಕೈ ಅದ್ದಿ ರಾಶಿಯ ಮೇಲೆ ನೀರು ಚಿಮುಕಿಸಿದಳು. ಆಮೇಲೆ ಉಳಿದವರ ಹಾಗೆ ಅವಳೂ ಗಿರಾಕಿಗಳನ್ನು ಕೂಗಿ ಕರೆಯತೊಡಗಿದಳು. ಹಿಂದೆ ಅವಳು ಕೂಗಿದ್ದನ್ನು ನಾನು ಕೇಳಿರಲಿಲ್ಲ.